ಇಲೆಕ್ಟಿವ್‌ಗೆ ಚರ್ಮರೋಗ ವಿಭಾಗ ಆರಿಸಿದವಳ ಪತ್ರ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಶಿಕ್ಷಣ ಪುಟದಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಇಲೆಕ್ಟಿವ್ (ತಾವೇ ಆರಿಸಿದ ವಿಭಾಗದಲ್ಲಿ ಕೆಲವು ವಾರ ಕಲಿಯುವುದು) ಬಗ್ಗೆ ಒಂದು ಲೇಖನ ಬಂದಿತ್ತು. ಅಪ್ಪ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಕೆಳಗೆ ‘ಇದು ಮೂರು ವರ್ಷ ಮೊದಲೇ ಬರಬೇಕಿತ್ತು’ ಅಂತ ಒಂದು ಸಾಲು. ತಮಾಷೆಗೆ ಬರೆದರೋ ಬೇಸರದಲ್ಲಿ ಬರೆದರೋ ಗೊತ್ತಾಗಲಿಲ್ಲ. ಯಾಕೆಂದರೆ ಲೇಖನದಲ್ಲಿ ಏನು ಮಾಡಬೇಡಿ ಅಂತ ಹೇಳಿದ್ದಾರೋ, ಅದನ್ನೇ ನಾನು ಮಾಡಿದ್ದು.

ಲೇಖನದ ಸಾರಾಂಶ ಇಷ್ಟು: ಇಲೆಕ್ಟಿವ್ ಸಮಯವನ್ನು ಕಾರ್ಡಿಯಾಲಜಿ, ನ್ಯೂರೋಸರ್ಜರಿಯಂಥ ದೊಡ್ಡ ವಿಭಾಗದಲ್ಲಿ ಕಳೆಯಿರಿ, ಆ ಸರ್ಟಿಫಿಕೇಟ್ ಪಿ.ಜಿ. ಸೀಟಿಗೆ ಉಪಯೋಗಕ್ಕೆ ಬರುತ್ತದೆ. ಕೊನೆಗೆ ಒಂದು ಮಾತು ಬೇರೆ: ‘ಫ್ಯಾಮಿಲಿ ಮೆಡಿಸಿನ್‌ಗೆ ಹೋಗುವವರಿಗೆ ಇಲೆಕ್ಟಿವ್ ಯಾವುದಾದರೂ ನಡೆಯುತ್ತದೆ.’ ಈ ಪತ್ರ ಬರೆಯುತ್ತಿರುವುದು ಆ ಕೊನೆಯ ಮಾತಿಗೆ. ಫ್ಯಾಮಿಲಿ ಮೆಡಿಸಿನ್ ಅಂದರೆ ಇಡೀ ಮನೆಯವರ ಎಲ್ಲ ಥರದ ಕಾಯಿಲೆಯನ್ನೂ ಮೊದಲು ನೋಡುವ ಡಾಕ್ಟ್ರ ವಿಭಾಗ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. 2019ರಲ್ಲಿ ಕೇರಳದ ತೆಂಕು ದಿಕ್ಕಿನ ಒಂದು ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಸೇರಿದೆ. ಈಗ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿ.ಎನ್.ಬಿ. (ಎಂ.ಡಿ.ಗೆ ಸಮನಾದ ಪಿ.ಜಿ. ಕೋರ್ಸು) ಮಾಡುತ್ತಿದ್ದೇನೆ, ಮೊದಲ ವರ್ಷ. ಯಾರಾದರೂ ಕೇಳಿ ನಾನು ಹೇಳಿದರೆ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ‘ಓ, ಬೇರೆ ಯಾವುದೂ ಸಿಗಲಿಲ್ವಾ?’ ಅನ್ನುತ್ತಾರೆ. ಮದುವೆ ಮನೆಯಲ್ಲಂತೂ ಊಟದ ಎಲೆ ತೆಗೆಯುವುದರೊಳಗೆ ಮೂರು ಜನ ಕೇಳಿಯಾಗಿರುತ್ತದೆ. ಸಿಗುತ್ತಿತ್ತು. ನಾನೇ ಇದನ್ನು ಮೊದಲ ಆಯ್ಕೆಯಾಗಿ ಹಾಕಿದ್ದು.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು. 2020ರ ಮಾರ್ಚ್. ಮೊದಲ ವರ್ಷದ ನಡುವೆ ಕಾಲೇಜು ಮುಚ್ಚಿ ಊರಿಗೆ ಬಂದಿದ್ದೆ. ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಬಂದ್ ಆಯಿತು. ನಮ್ಮ ಕಡೆಯ ರಸ್ತೆಗಳಿಗೂ ಮಣ್ಣು ಬಿತ್ತು. ನಮ್ಮೂರಿನವರಿಗೆ ಆಸ್ಪತ್ರೆ ಅಂದರೆ ಮಂಗಳೂರು, ತಪ್ಪಿದರೆ ಪುತ್ತೂರು. ಅದು ಒಂದೇ ರಾತ್ರಿಯಲ್ಲಿ ಬೇರೆ ದೇಶದ ಹಾಗೆ ಆಗಿಹೋಯಿತು. ಮಂಗಳೂರಿಗೆ ಹೋಗಲಾಗದೆ ಜಿಲ್ಲೆಯಲ್ಲಿ ರೋಗಿಗಳು ತೀರಿಕೊಂಡದ್ದು ನಿಮ್ಮ ಓದುಗರಿಗೆ ನೆನಪಿರುತ್ತದೆ.

ನನಗೆ ನೆನಪಿರುವುದು ನಮ್ಮ ಮನೆಯ ಜಗಲಿ. ನೆರೆಕರೆಯವರು ಒಬ್ಬೊಬ್ಬರೇ ಮದ್ದಿನ ತೊಟ್ಟೆ ಹಿಡಿದು ಬರಲು ಶುರು ಮಾಡಿದರು. ಡಾಕ್ಟ್ರಕ್ಕ ಇದ್ದಾರಲ್ಲ! ಜಗಲಿಯ ಮೇಲೆ ಖಾಲಿಯಾದ ಸ್ಟ್ರಿಪ್‌ಗಳನ್ನು ಸಾಲಾಗಿ ಇಟ್ಟು ಕೇಳುವುದು. ‘ಇದು ಸಕ್ಕರೆಯದ್ದಾ, ಪ್ರೆಶರಿನದ್ದಾ? ಇದು ನಮ್ಮ ಅಂಗಡಿಯಲ್ಲಿ ಇಲ್ಲವಂತೆ, ಬೇರೆ ಹೆಸರಿನದ್ದು ಕೊಟ್ಟಿದ್ದಾರೆ, ಎರಡೂ ಒಂದೇಯಾ?’ ನನಗೆ ಆಗ ಗೊತ್ತಿದ್ದದ್ದು ಕೊರಳೆಲುಬಿಗೆ ಯಾವ ಯಾವ ಸ್ನಾಯು ಅಂಟಿಕೊಂಡಿದೆ ಅಂತ. ಕ್ರೆಬ್ಸ್ ಸೈಕಲ್ ಬಾಯಿಪಾಠ ಬರುತ್ತಿತ್ತು. ಆ ಬಿಳಿ ಗುಳಿಗೆ ಏನು ಅಂತ ಗೊತ್ತಿರಲಿಲ್ಲ. ಒಳಗೆ ಹೋಗಿ ಫೋನಿನಲ್ಲಿ ಹುಡುಕಿ, ಹೊರಗೆ ಬಂದು ಗಂಭೀರವಾಗಿ ಹೇಳುತ್ತಿದ್ದೆ. ಪಕ್ಕದ ಮನೆಯ ಬ್ಯಾರಿ ಅಜ್ಜಿಗೆ ಮಾತ್ರ ಗುಟ್ಟು ತಿಳಿದುಹೋಯಿತು. ‘ಒಳಗೆ ಯಾರನ್ನು ಕೇಳಿ ಬರುವುದು ಮೋಳೆ (ಮಗಳೇ)?’ ಅಂದರು.

ಅಲ್ಲಿಗೆ ಒಂದು ವಿಷಯ ಮನಸ್ಸಿನಲ್ಲಿ ಕೂತಿತು. ನಮ್ಮೂರಿಗೆ ಬೇಕಾದದ್ದು ಈ ಸ್ಟ್ರಿಪ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಡಾಕ್ಟ್ರು. ಹೃದಯದವರು ಬರೆದದ್ದು, ಸಕ್ಕರೆಯವರು ಬರೆದದ್ದು, ಮೊಣಗಂಟಿಗೆ ಯಾರೋ ಬರೆದದ್ದು, ಎಲ್ಲ ಹೋಗುವುದು ಒಂದೇ ಹೊಟ್ಟೆಗೆ ಅಲ್ವಾ?

ಈಗ ಇಲೆಕ್ಟಿವ್ ವಿಚಾರ. ತಿಳಿಯದವರಿಗೆ ಎರಡು ಮಾತು. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ವೈದ್ಯ ಶಿಕ್ಷಣದಲ್ಲಿ ಮೊದಲ ಸಲ ಇಲೆಕ್ಟಿವ್ ಸೇರಿತು. ಮೂರನೇ ಎಂ.ಬಿ.ಬಿ.ಎಸ್.ನ ಮೊದಲ ಭಾಗದ ಪರೀಕ್ಷೆ ಮುಗಿದ ಮೇಲೆ ನಾಲ್ಕು ನಾಲ್ಕು ವಾರದ ಎರಡು ಬ್ಲಾಕ್. ಒಂದು ಲ್ಯಾಬ್ ಅಥವಾ ಸಂಶೋಧನೆ ಕಡೆಯದ್ದು, ಇನ್ನೊಂದು ರೋಗಿಗಳ ಕಡೆಯದ್ದು. ಈಗ ಅದನ್ನು ಒಟ್ಟು ಒಂದು ತಿಂಗಳಿಗೆ ಇಳಿಸಿದ್ದಾರೆ, ಹದಿನೈದು ಹದಿನೈದು ದಿನ. ಹಾಜರಿ 75 ಪರ್ಸೆಂಟ್ ಇರಬೇಕು, ಲಾಗ್ ಬುಕ್ ತುಂಬಬೇಕು. ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಇಡೀ ಕೋರ್ಸಿನಲ್ಲಿ ವಿದ್ಯಾರ್ಥಿ ತಾನಾಗಿ ಆರಿಸಿಕೊಳ್ಳುವ ಸಮಯ ಹೆಚ್ಚು ಕಡಿಮೆ ಇಷ್ಟೇ. ಹೌಸ್ ಸರ್ಜನ್ಸಿಯಲ್ಲಿ, ಅಂದರೆ ಕೊನೆಯ ಪರೀಕ್ಷೆ ಮುಗಿದ ಮೇಲಿನ ಒಂದು ವರ್ಷದ ತರಬೇತಿಯಲ್ಲಿ, ಇನ್ನು ನಾಲ್ಕು ವಾರ ಇದೆ. ಅದರಲ್ಲೂ ಒಂದು ವಾರ ಆಯುರ್ವೇದವೋ ಹೋಮಿಯೋಪತಿಯೋ ಅಂತ ಹೋಗುತ್ತದೆ.

ಈ ಇಲೆಕ್ಟಿವ್ ಪಿ.ಜಿ. ಸೀಟಿಗೆ ಉಪಯೋಗವೇ? ನಮ್ಮ ದೇಶದಲ್ಲಿ ಇಲ್ಲ. ಲೇಖನದಲ್ಲಿ ಇದು ಸೀದಾ ತಪ್ಪಾಗಿ ಬಂದಿದೆ. ಎಂ.ಡಿ. ಆಗಲಿ ಡಿ.ಎನ್.ಬಿ. ಆಗಲಿ, ಸೀಟು ಹಂಚುವುದು ಪ್ರವೇಶ ಪರೀಕ್ಷೆಯ, ಹೆಚ್ಚಾಗಿ ನೀಟ್ ಪಿ.ಜಿ.ಯ, ರ‍್ಯಾಂಕ್ ನೋಡಿ. ನಾನು ಯಾವ ವಿಭಾಗದಲ್ಲಿ ಇಲೆಕ್ಟಿವ್ ಮಾಡಿದೆ ಅಂತ ಕೌನ್ಸೆಲಿಂಗ್‌ನಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಲು ಅಲ್ಲಿ ಮನುಷ್ಯರೇ ಇರಲಿಲ್ಲ, ಇದ್ದದ್ದು ಒಂದು ವೆಬ್‌ಸೈಟ್.

ಹಾಗಾದರೆ ಕಾರ್ಡಿಯಾಲಜಿಯಲ್ಲಿ ಕಳೆದರೂ ಒಂದೇ, ಚರ್ಮರೋಗದಲ್ಲಿ ಕಳೆದರೂ ಒಂದೇ ಅಲ್ವಾ ಅಂತ ನೀವು ಕೇಳಬಹುದು. ಸೀಟಿಗೆ ಒಂದೇ. ಸೀಟು ಸಿಕ್ಕಿದ ಮೇಲೆ ಒಂದೇ ಅಲ್ಲ.

ನನ್ನ ಮೊದಲ ಬ್ಲಾಕ್ ಲ್ಯಾಬಿನಲ್ಲಿ. ನಾನು ಕೇಳಿದ್ದು ಬೇರೆ, ಪಟ್ಟಿಯಲ್ಲಿ ಬಂದದ್ದು ಬೇರೆ. ನಾಲ್ಕು ವಾರ ಪಿಪೆಟ್ ಹಿಡಿದೆ. ಕಲಿಸಬೇಕಾದವರಿಗೆ ಪುರುಸೊತ್ತು ಇರಲಿಲ್ಲ. ಹತ್ತನೇ ದಿನದ ಹೊತ್ತಿಗೆ ಟ್ಯೂಬುಗಳಿಗೆ ಸ್ಟಿಕ್ಕರ್ ಅಂಟಿಸುವುದರಲ್ಲಿ ಪ್ರವೀಣೆ ಆಗಿದ್ದೆ. ಕೊನೆಯ ದಿನ ಲಾಗ್ ಬುಕ್‌ಗೆ ಸಹಿ ಹಾಕುವಾಗ ಅವರು ನನ್ನ ಹೆಸರು ಕೇಳಿಕೊಂಡರು. ಸಿಟ್ಟು ಬಂದಿತ್ತು. ಆದರೆ ಪೂರ್ತಿ ಹಾಳಾಯಿತು ಅನ್ನಲಾರೆ. ಅಲ್ಲಿನ ಟೆಕ್ನೀಷಿಯನ್ ಒಬ್ಬರು ಮಧ್ಯಾಹ್ನ ಚಹಾ ಕುಡಿಯುವಾಗ ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. ಇಲಿಜ್ವರದ ರಕ್ತಪರೀಕ್ಷೆ ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು. ಅದನ್ನು ನಂಬಿ ರೋಗಿಯನ್ನು ಮನೆಗೆ ಕಳಿಸಬೇಡಿ ಅಂತ.

ಎರಡು ವರ್ಷದ ಮೇಲೆ, ಹೌಸ್ ಸರ್ಜನ್ಸಿ ಮುಗಿದು ನಮ್ಮ ಜಿಲ್ಲೆಯ ಒಂದು ಕುಟುಂಬ ಆರೋಗ್ಯ ಕೇಂದ್ರದಲ್ಲಿ ತಾತ್ಕಾಲಿಕ ಡಾಕ್ಟ್ರಾಗಿ ಇದ್ದೆ. ಮಳೆಗಾಲ. ತೋಟದ ಕಣಿ ಬಿಡಿಸಿದ ಒಬ್ಬರು ಎರಡು ದಿನದ ಜ್ವರ ಅಂತ ಬಂದರು. ಕೈಯಲ್ಲಿ ಖಾಸಗಿ ಲ್ಯಾಬಿನ ರಿಪೋರ್ಟು, ಇಲಿಜ್ವರ ನೆಗೆಟಿವ್. ಕಣ್ಣು ಕೆಂಪಗಿದೆ, ಆದರೆ ಪಿಸರಿಲ್ಲ. ಮೀನಖಂಡ ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಾರೆ. ನಾನು ರಿಪೋರ್ಟು ಬದಿಗಿಟ್ಟು ಮದ್ದು ಶುರು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ವಾರದ ನಂತರದ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಚಹಾ ಕುಡಿಸಿದ ಆ ಟೆಕ್ನೀಷಿಯನ್‌ಗೆ ಮನಸ್ಸಿನಲ್ಲೇ ಕೈಮುಗಿದೆ.

ಎರಡನೇ ಬ್ಲಾಕ್‌ಗೆ ನಾನು ಚರ್ಮರೋಗ ವಿಭಾಗ ಬರೆದೆ. ಹಾಸ್ಟೆಲಿನಲ್ಲಿ ನಗು. ‘ನಿನಗೆ ಮುಖದ ಕ್ರೀಮ್ ಫ್ರೀ ಸಿಗುತ್ತದೆ’ ಅಂತ. ನಾನು ಲೆಕ್ಕ ಹಾಕಿಯೇ ಬರೆದದ್ದು. ಹೆರಿಗೆ, ಮಕ್ಕಳು, ಮೆಡಿಸಿನ್, ಸರ್ಜರಿ ಹೇಗೂ ಹೌಸ್ ಸರ್ಜನ್ಸಿಯಲ್ಲಿ ವಾರಗಟ್ಟಲೆ ಬರುತ್ತವೆ. ಚರ್ಮಕ್ಕೆ ಅಲ್ಲಿ ಇರುವುದು ಒಂದೇ ವಾರ. ನಮ್ಮೂರಿನ ಒ.ಪಿ.ಯಲ್ಲಿ (ಹೊರರೋಗಿಗಳನ್ನು ನೋಡುವ ಕಡೆ) ಮಾತ್ರ ಮಳೆಗಾಲವಿಡೀ ತುರಿಕೆ. ಎಲ್ಲಿ ಕೆಲಸ ಜಾಸ್ತಿಯೋ, ಎಲ್ಲಿ ಕಲಿಸುವುದು ಕಡಿಮೆಯೋ, ಆ ಜಾಗಕ್ಕೆ ಇಲೆಕ್ಟಿವ್ ಹಾಕಬೇಕು ಅಂತ ನನ್ನ ಲೆಕ್ಕ.

ಅಲ್ಲಿ ದಿನಕ್ಕೆ ನೂರು ಜನ ಬಂದರೆ ದೊಡ್ಡ ಪಾಲು ಹುಳುಕಡ್ಡಿ. ಹುಳುಕಡ್ಡಿ ಯಾರಿಗೆ ಗೊತ್ತಿಲ್ಲ, ಉಂಗುರದ ಹಾಗೆ ಇರುತ್ತದೆ ಅಂತ ಪುಸ್ತಕ ಓದಿದವಳು ನಾನು. ನೂರರಲ್ಲಿ ಎಷ್ಟೋ ಜನರಿಗೆ ಉಂಗುರವೇ ಇರಲಿಲ್ಲ. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಟ್ಯೂಬು ಹಚ್ಚಿರುತ್ತಾರೆ. ಮೂರು ಮದ್ದು ಒಟ್ಟಿಗೆ ಸೇರಿಸಿದ ಕ್ರೀಮ್, ಅದರಲ್ಲೊಂದು ಜೋರಾದ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಒಳಗೆ ಶಿಲೀಂಧ್ರ ಆರಾಮವಾಗಿ ಹರಡುತ್ತಿರುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಅಗಲವಾಗಿ ಬರುತ್ತದೆ. ಉಂಗುರದ ಒಳಗೆ ಇನ್ನೊಂದು ಉಂಗುರ, ಅಂಚು ಮಾಸಿಹೋಗಿರುತ್ತದೆ, ಚರ್ಮ ಕಾಗದದಷ್ಟು ತೆಳು. ಅದನ್ನು ಕಣ್ಣಿನಲ್ಲಿ ಹಿಡಿಯಲು ನನಗೆ ಎರಡು ವಾರ ಬೇಕಾಯಿತು. ಆಮೇಲೆ ಒಂದು ಪ್ರಶ್ನೆ ಕಲಿತೆ, ಈಗಲೂ ಕೇಳುತ್ತೇನೆ: ‘ಟ್ಯೂಬು ತಂದಿದ್ದೀರಾ? ತೋರಿಸಿ.’ ಎರಡನೇ ಪ್ರಶ್ನೆ: ‘ಮನೆಯಲ್ಲಿ ತೋರ್ತು (ಮೈ ಒರಸುವ ಬಟ್ಟೆ) ಎಷ್ಟು?’ ಐದು ಜನಕ್ಕೆ ಎರಡು ತೋರ್ತು ಇದ್ದರೆ ಒಬ್ಬರಿಗೆ ಮದ್ದು ಕೊಟ್ಟು ಪ್ರಯೋಜನ ಇಲ್ಲ. ಈ ಎರಡನೇ ಪ್ರಶ್ನೆ ಫ್ಯಾಮಿಲಿ ಮೆಡಿಸಿನ್ ಪ್ರಶ್ನೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಅದೇ ವಿಭಾಗದ ಒಬ್ಬ ಮೇಡಂ ಇನ್ನೊಂದು ಅಭ್ಯಾಸ ಹಿಡಿಸಿದರು. ಬಣ್ಣ ಮಾಸಿದ ಮಚ್ಚೆ ಕಂಡರೆ ಮದ್ದು ಬರೆಯುವ ಮೊದಲು ಹತ್ತಿಯ ಎಳೆಯಿಂದ ಮುಟ್ಟಿ ನೋಡುವುದು. ಊರಿನ ಆರೋಗ್ಯ ಕೇಂದ್ರದಲ್ಲಿ ಒಂದು ದಿನ ಅಡಿಕೆ ಸುಲಿಯುವ ಕೆಲಸದವರೊಬ್ಬರು ಬಂದರು. ಬಂದದ್ದು ಕೆಮ್ಮಿಗೆ. ಚೀಟಿ ಬರೆಯುವಾಗ ಮೊಣಕೈಯ ಹತ್ತಿರ ಕಾಸಿನಗಲದ ಒಂದು ಬಿಳಚು ಮಚ್ಚೆ ಕಂಡಿತು. ‘ಇದು ಎಷ್ಟು ದಿನದಿಂದ ಅಣ್ಣ?’ ‘ಅದಾ? ಚಿಬ್ಬು. ಅದಕ್ಕೇನೂ ಇಲ್ಲ, ತುರಿಸುವುದೂ ಇಲ್ಲ.’ ಕಣ್ಣು ಮುಚ್ಚಲು ಹೇಳಿದೆ. ಹತ್ತಿಯಿಂದ ಮುಟ್ಟಿದಾಗ ಬೆರಳಿನಲ್ಲಿ ಆ ಜಾಗ ತೋರಿಸಬೇಕು. ಅಂಗೈ ಮುಟ್ಟಿದೆ, ತೋರಿಸಿದರು. ಭುಜ ಮುಟ್ಟಿದೆ, ತೋರಿಸಿದರು. ಮಚ್ಚೆಯ ಮೇಲೆ ಮುಟ್ಟಿದೆ. ಸುಮ್ಮನೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಮತ್ತೆ ಮುಟ್ಟಿದೆ. ‘ಮುಟ್ಟಿ ಡಾಕ್ಟ್ರೇ, ಕಾಯ್ತಾ ಇದ್ದೇನೆ’ ಅಂದರು.

ಕುಷ್ಠ. ಮೊದಲ ಹಂತ. ಮದ್ದು ಸರ್ಕಾರದಿಂದ ಉಚಿತ, ಪೂರ್ತಿ ಗುಣವಾಗುತ್ತದೆ. ಇನ್ನು ಎರಡು ಮೂರು ವರ್ಷ ಯಾರೂ ನೋಡದೇ ಇದ್ದಿದ್ದರೆ ಕಿರುಬೆರಳು ಮಡಚಿ ಕೂರುತ್ತಿತ್ತು, ಅಡಿಕೆ ಸುಲಿಯುವವರಿಗೆ ಬೆರಳು ಹೋದರೆ ಏನು ಉಳಿಯಿತು? ಅವರು ಬಂದದ್ದು ಕೆಮ್ಮಿಗೆ ಅಂತ ಮತ್ತೊಮ್ಮೆ ಹೇಳುತ್ತೇನೆ. ಚರ್ಮದ ಡಾಕ್ಟ್ರ ಹತ್ತಿರ ಅವರು ಯಾವ ಕಾಲಕ್ಕೂ ಹೋಗುತ್ತಿರಲಿಲ್ಲ.

ನಾನು ಆರಿಸಬೇಕಿತ್ತು, ಆರಿಸಲಿಲ್ಲ ಅನ್ನುವುದೂ ಇದೆ. ಮೂಳೆ, ಗಂಟು, ಭುಜ. ಹೌಸ್ ಸರ್ಜನ್ಸಿಯಲ್ಲಿ ಇದಕ್ಕೆ ಎರಡು ವಾರ. ಆ ಎರಡು ವಾರ ನಾನು ಮಾಡಿದ್ದು ಪ್ಲಾಸ್ಟರ್ ಹಾಕುವಾಗ ಕಾಲು ಎತ್ತಿ ಹಿಡಿಯುವುದು. ಆರೋಗ್ಯ ಕೇಂದ್ರದಲ್ಲಿ ಭುಜನೋವಿನ ಒಬ್ಬ ಅಮ್ಮನಿಗೆ ಎರಡು ಸಲ ನೋವಿನ ಗುಳಿಗೆ ಬರೆದು ಕಳಿಸಿದೆ. ಮೂರನೇ ಸಲ ಬಂದಾಗ ಅವರು ಹೇಳಿದ್ದು, ‘ಗುಳಿಗೆ ತಿಂದರೆ ನಿದ್ದೆ ಬರುತ್ತದೆ. ಆದರೆ ತಲೆ ಬಾಚಲು ಆಗುವುದಿಲ್ಲ, ಹಿಂದಿನ ಹುಕ್ಕು ಹಾಕಲು ಆಗುವುದಿಲ್ಲ.’ ಆಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿದೆ. ಬಾಗಿಲಿಗೆ ಬೀಗ ಬಿದ್ದ ಹಾಗೆ ನಿಂತುಬಿಟ್ಟಿತು. ಬಿಗಿದ ಭುಜ, ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ಅವರ ಸಕ್ಕರೆ ಅಂದು ನೋಡಿದರೆ ಮುನ್ನೂರರ ಮೇಲೆ. ಎರಡು ಸಲ ನಾನು ಅವರ ಭುಜವನ್ನು ಮುಟ್ಟಿಯೇ ಇರಲಿಲ್ಲ. ಇದನ್ನು ಪತ್ರಿಕೆಯಲ್ಲಿ ಬರೆಯಲು ನಾಚಿಕೆಯೇ. ಆದರೆ ಇದನ್ನು ಓದುವ ಯಾವನಾದರೂ ಹುಡುಗ ಮೂಳೆ ವಿಭಾಗದ ಒ.ಪಿ.ಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಅಲ್ಲ, ಒ.ಪಿ.ಯಲ್ಲಿ, ಹದಿನೈದು ದಿನ ಕೂತರೆ ನನ್ನ ನಾಚಿಕೆಗೆ ಬೆಲೆ ಬಂತು.

ಹೊರದೇಶಕ್ಕೆ ಹೋಗುವವರ ಲೆಕ್ಕ ಬೇರೆ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಲೇಖನ ಎರಡನ್ನೂ ಕಲಸಿಬಿಟ್ಟಿದೆ. ನನ್ನ ದೊಡ್ಡಪ್ಪನ ಮಗಳು ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ ಮಾಡುತ್ತಿದ್ದಾಳೆ. ಅಲ್ಲಿ ಅದು 1969ರಿಂದಲೇ ಪ್ರತ್ಯೇಕ ಸ್ಪೆಷಾಲಿಟಿ, ಮೂರು ವರ್ಷದ ತರಬೇತಿ. ಅಲ್ಲಿ ರ‍್ಯಾಂಕ್ ನೋಡಿ ನಮ್ಮ ಹಾಗೆ ಸೀಟು ಹಂಚುವ ಪದ್ಧತಿ ಇಲ್ಲ. ಸೆಪ್ಟೆಂಬರಿನಲ್ಲಿ ಅರ್ಜಿ, ಆಮೇಲೆ ಇಂಟರ್‌ವ್ಯೂ, ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಯಾರಿಗೆ ಎಲ್ಲಿ ಅಂತ ತಿಳಿಯುತ್ತದೆ. ಅವರ ಮೊದಲ ಪರೀಕ್ಷೆ, ಸ್ಟೆಪ್ 1, 2022ರ ಜನವರಿಯಿಂದ ಬರೀ ಪಾಸು–ಫೇಲು ಆಗಿದೆ. ಅಂಕ ಹೋದ ಮೇಲೆ ಉಳಿದದ್ದಕ್ಕೆ ತೂಕ ಜಾಸ್ತಿ ಆಯಿತು. ಇಲೆಕ್ಟಿವ್, ಅಲ್ಲಿನ ಡಾಕ್ಟ್ರುಗಳು ಬರೆದುಕೊಡುವ ಪತ್ರ, ಇಂಟರ್‌ವ್ಯೂನಲ್ಲಿ ಆಡುವ ಮಾತು.

ಅಕ್ಕ ಎಂ.ಬಿ.ಬಿ.ಎಸ್. ಮುಗಿಯುವ ಮೊದಲೇ ಅಲ್ಲಿಗೆ ಹೋಗಿ ಎರಡು ತಿಂಗಳು ಇಲೆಕ್ಟಿವ್ ಮಾಡಿ ಬಂದಿದ್ದಳು. ಮೊದಲೇ ಅನ್ನುವುದು ಮುಖ್ಯ. ಡಿಗ್ರಿ ಕೈಗೆ ಬಂದ ಮೇಲೆ ಹೊರಗಿನವರಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ದೂರ ನಿಂತು ನೋಡುವ ಅವಕಾಶ, ರೋಗಿಯನ್ನು ಮುಟ್ಟಿ ಪರೀಕ್ಷಿಸಲು ಬಿಡುವುದಿಲ್ಲ. ಅವಳು ಮೊದಲ ತಿಂಗಳು ಹಾಕಿದ್ದು ದೊಡ್ಡ ಆಸ್ಪತ್ರೆಯ ಕಾರ್ಡಿಯಾಲಜಿ. ರೌಂಡ್ಸ್‌ನಲ್ಲಿ ಹನ್ನೊಂದು ಜನ, ಇವಳು ಹನ್ನೊಂದನೆಯವಳು. ಎರಡನೇ ತಿಂಗಳು ಒಂದು ಸಣ್ಣ ಊರಿನ ಫ್ಯಾಮಿಲಿ ಮೆಡಿಸಿನ್ ಕ್ಲಿನಿಕ್. ಅಲ್ಲಿ ಇದ್ದದ್ದು ಇಬ್ಬರು ಡಾಕ್ಟ್ರು, ಒಬ್ಬ ನರ್ಸ್, ಇವಳು. ಒಬ್ಬ ಮುದುಕ ತಾರೀಕು ಕೊಟ್ಟ ದಿನ ಬರಲಿಲ್ಲ ಅಂತ ಇವಳು ಮನೆಗೆ ಫೋನ್ ಮಾಡಿದ್ದಳಂತೆ. ಕನ್ನಡಕ ಒಡೆದಿತ್ತು, ಕಾರು ಓಡಿಸಲು ಆಗುತ್ತಿರಲಿಲ್ಲ, ಇನ್ಸುಲಿನ್ ಸಿರಿಂಜಿನ ಗೆರೆಯೂ ಕಾಣುತ್ತಿರಲಿಲ್ಲ. ಆ ಡಾಕ್ಟ್ರು ತಮ್ಮ ಪತ್ರದಲ್ಲಿ ಇದನ್ನು ಬರೆದಿದ್ದರು. ಅಕ್ಕ ಆ ಪತ್ರ ಓದಿಲ್ಲ, ಅಲ್ಲಿ ವಿದ್ಯಾರ್ಥಿ ಓದುವ ಹಕ್ಕು ಬಿಟ್ಟುಕೊಡುವುದು ರೂಢಿ. ಆದರೆ ಇಂಟರ್‌ವ್ಯೂಗೆ ಹೋದಲ್ಲಿ ‘ಆ ಕನ್ನಡಕದ ಕಥೆ ಹೇಳಿ’ ಅಂತ ಕೇಳಿದರಂತೆ. ಹೆಸರಾಂತ ಕಾರ್ಡಿಯಾಲಜಿಸ್ಟರ ಪತ್ರದ ಬಗ್ಗೆ ಯಾರೂ ಕೇಳಲಿಲ್ಲ.

ಅಲ್ಲಿಗೆ ಹೋಗಬೇಕೆಂದಿರುವವರಿಗೆ ಅವಳು ಹೇಳುವುದು ಇದು. ಒಂದು ತಿಂಗಳು ಫ್ಯಾಮಿಲಿ ಮೆಡಿಸಿನ್‌ನಲ್ಲೇ ಮಾಡಿ, ನೋಡುಗರಾಗಿ ಅಲ್ಲ, ಮೊದಲ ವರ್ಷದ ರೆಸಿಡೆಂಟಿನ ಜವಾಬ್ದಾರಿ ಹೊತ್ತು ಮಾಡಿ. ಅದು ಅರ್ಜಿಗೆ ಮೊದಲೇ ಮುಗಿದಿರಲಿ, ಇಲ್ಲದಿದ್ದರೆ ಪತ್ರ ಸಮಯಕ್ಕೆ ಬರುವುದಿಲ್ಲ. ಮಿಕ್ಕ ಸಮಯಕ್ಕೆ ಚರ್ಮ, ಗಂಟು–ಮೂಳೆ, ಹೆಂಗಸರ ಆರೋಗ್ಯ, ಮುದುಕರ ಆರೈಕೆ, ಮನಸ್ಸಿನ ಕಾಯಿಲೆ, ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆ), ಇವುಗಳಲ್ಲಿ ನಿಮಗೆ ಬಾರದ್ದನ್ನು ಆರಿಸಿ. ಐ.ಸಿ.ಯು. ಒಂದು ಸಲ ನೋಡಿದರೆ ಒಳ್ಳೆಯದೇ, ಅದರಲ್ಲೇ ಎರಡು ಸಲ ಬೇಡ. ನಿಮಗೆ ಬೇಕಾದ ಊರಿನ ಪ್ರೋಗ್ರಾಮಿನಲ್ಲೇ ತಿಂಗಳು ಕಳೆದರೆ ಅದು ತಿಂಗಳುದ್ದದ ಇಂಟರ್‌ವ್ಯೂ ಅಂತ ನೆನಪಿಡಿ. ಸಿಡುಕಿದ ದಿನವೂ ಲೆಕ್ಕಕ್ಕೆ ಬರುತ್ತದೆ. ಖರ್ಚಿನ ವಿಷಯ ನಾನು ಕೇಳಿದೆ, ಅವಳು ಮಾತು ಬದಲಿಸಿದಳು. ದೊಡ್ಡಪ್ಪ ಆ ವರ್ಷ ಅಡಿಕೆಯನ್ನು ದರ ಏರುವವರೆಗೆ ಇಟ್ಟುಕೊಳ್ಳದೆ ಮಾರಿದ್ದು ನನಗೆ ಗೊತ್ತು.

ಮತ್ತೆ ನಮ್ಮೂರಿಗೆ ಬರುತ್ತೇನೆ. ಕಾಸರಗೋಡಿನಲ್ಲಿ ಕೆಲಸ ಮಾಡಬೇಕೆಂದಿರುವ ವಿದ್ಯಾರ್ಥಿ ಮನೆಗೆ ಹೋಗಿ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ಸ್ವಲ್ಪ ದಿನ ತಿರುಗಲೇಬೇಕು. ಕೇರಳ 2008ರಲ್ಲೇ ಇದಕ್ಕೆ ಒಂದು ನೀತಿ ತಂದಿತು, ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರುವ ವ್ಯವಸ್ಥೆ ಇದೆ. ನಾನು ಇದನ್ನು ಇಲೆಕ್ಟಿವ್ ಆಗಿ ಮಾಡಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಗುರುವಾರಗಳಲ್ಲಿ ಹೋದೆ. ನಮ್ಮ ಎಣ್ಮಕಜೆಯ ಕಡೆ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೆ ನಡೆಯಿತು, ಇಪ್ಪತ್ತು ವರ್ಷಕ್ಕೂ ಜಾಸ್ತಿ. ಅದರ ಸಂತ್ರಸ್ತರ ಮನೆಗಳಲ್ಲಿ ಮೂವತ್ತು ದಾಟಿದರೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಎಪ್ಪತ್ತು ದಾಟಿದ ತಾಯಂದಿರು ಎತ್ತಿ ಮಗ್ಗುಲು ಬದಲಿಸುತ್ತಾರೆ. ಒಂದು ಮನೆಯಲ್ಲಿ ನಾನು ಮಗನ ಬೆನ್ನಿನ ಹುಣ್ಣು ನೋಡುತ್ತಿದ್ದೆ. ಜೊತೆಗಿದ್ದ ನರ್ಸ್ ನನ್ನ ಮೊಣಕೈ ತಟ್ಟಿ ತಾಯಿಯ ಕಡೆ ಕಣ್ಣು ಮಾಡಿದರು. ಆಕೆ ಗೋಡೆಗೆ ಒರಗಿ ನಿಂತು ಸೊಂಟ ಒತ್ತಿಕೊಳ್ಳುತ್ತಿದ್ದರು. ನರ್ಸ್ ತುಳುವಿನಲ್ಲಿ ಕೇಳಿದರು, ಪ್ರೆಶರ್ ಕೊನೆಗೆ ನೋಡಿಸಿದ್ದು ಯಾವಾಗ ಅಂತ. ಆಕೆಗೆ ನೆನಪಿರಲಿಲ್ಲ. ಆ ದಿನ ಬರೆದ ಚೀಟಿಯಲ್ಲಿ ಎರಡು ಹೆಸರು ಇತ್ತು.

ಭಾಷೆಯ ಮಾತೂ ಇದೆ. ನಾನು ತೆಂಕು ಜಿಲ್ಲೆಗೆ ಹೋದಾಗ ನನ್ನ ಮಲಯಾಳ ಬಸ್‌ಸ್ಟ್ಯಾಂಡಿನ ಮಲಯಾಳ. ‘ಶ್ವಾಸಂ ಮುಟ್ಟ್’ ಅಂದರೆ ಉಬ್ಬಸ, ‘ತಲಕರಕ್ಕಂ’ ಅಂದರೆ ತಲೆಸುತ್ತು, ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟು ಕಲಿತೆ. ನನ್ನ ಜೊತೆಯ ತೆಂಕಿನ ಹುಡುಗಿಯರು ಈಗ ನಮ್ಮ ಜಿಲ್ಲೆಗೆ ಪೋಸ್ಟಿಂಗ್ ಬಂದಾಗ ಉಲ್ಟಾ ಕಷ್ಟ ಪಡುತ್ತಾರೆ. ತುಳುವಿನ ಅಜ್ಜಿ ‘ಬಂಜಿ ಬೇನೆ’ ಅಂದರೆ ಹೊಟ್ಟೆನೋವು ಅಂತ ತಿಳಿಯದೆ ನನಗೆ ಫೋನ್ ಮಾಡುತ್ತಾರೆ. ರೋಗಿ ಹೇಳಿದ್ದು ಪೂರ್ತಿ ತಿಳಿಯದೇ ಹೋದರೆ ಡಾಕ್ಟ್ರು ಸ್ಕ್ಯಾನ್ ಬರೆಯುತ್ತಾರೆ. ಇದು ಬರೀ ಅಭಿಮಾನದ ಪ್ರಶ್ನೆ ಅಲ್ಲ, ಖರ್ಚಿನ ಪ್ರಶ್ನೆಯೂ ಹೌದು.

ಅದಕ್ಕೇ ಒಂದು ಕೋರಿಕೆ. ಪೆರ್ಲಕ್ಕೂ ಬದಿಯಡ್ಕಕ್ಕೂ ನಡುವೆ ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ ಕೊನೆಗೂ 50 ಎಂ.ಬಿ.ಬಿ.ಎಸ್. ಸೀಟಿಗೆ ಅನುಮತಿ ಬಂತು. ಆ ಮಕ್ಕಳು ಇಲೆಕ್ಟಿವ್ ಹಂತಕ್ಕೆ ಬರಲು ಇನ್ನೂ ಸಮಯ ಇದೆ. ಅಷ್ಟರೊಳಗೆ ಅವರ ಪಟ್ಟಿಯಲ್ಲಿ ಒಂದು ಬ್ಲಾಕ್ ಗಡಿ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಇರುವಂತೆ ಮಾಡಬಹುದು. ಬೆಳಿಗ್ಗೆ ಒ.ಪಿ., ಮಧ್ಯಾಹ್ನ ಪಾಲಿಯೇಟಿವ್ ನರ್ಸಿನ ಜೊತೆ, ಸಂಜೆ ಅರ್ಧ ಗಂಟೆ ತುಳು–ಕನ್ನಡ. ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ, ಊರಿನ ಕ್ಲಿನಿಕ್‌ಗಳಲ್ಲೂ ಇಲೆಕ್ಟಿವ್ ಮಾಡಬಹುದು ಅಂತ 2019ರ ಪಠ್ಯಕ್ರಮದಲ್ಲೇ ಇತ್ತು. ಕಲಿಸಲು ಜನ ಬೇಕಾದರೆ ನಾನು ರಜೆ ಹಾಕಿ ಸಂಜೆ ಪಾಠಕ್ಕೆ ಬರುತ್ತೇನೆ. ಬ್ಯಾರಿ ಅಜ್ಜಿಯನ್ನೂ ಕರೆತರುತ್ತೇನೆ, ಅವರು ಪರೀಕ್ಷಕರಾಗಿ ಕೂರಲಿ.

ಕೊನೆಗೆ ಒಂದು ತಿದ್ದುಪಡಿ. ಲೇಖನದಲ್ಲಿ ‘ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂ.ಡಿ. ನಮ್ಮ ದೇಶದಲ್ಲಿ ಇಲ್ಲ’ ಎಂದು ಅಚ್ಚಾಗಿದೆ. ಇದೆ. ನಮ್ಮ ರಾಜ್ಯದಲ್ಲೇ, ಕೋಯಿಕ್ಕೋಡಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಇದೆ. ಈ ಪಿ.ಜಿ. ಕೋರ್ಸುಗಳನ್ನು ಬೆಳೆಸಬೇಕು ಅಂತ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೇ ಬರೆದಿದೆ. ಡಿ.ಎನ್.ಬಿ. ಅಂತೂ ಹಲವು ಆಸ್ಪತ್ರೆಗಳಲ್ಲಿ ಇದೆ. ಈ ಒಂದು ಸಾಲನ್ನಾದರೂ ಮುಂದಿನ ಸಂಚಿಕೆಯ ಶಿಕ್ಷಣ ಪುಟದಲ್ಲಿ ಹಾಕಿ. ಅಪ್ಪ ಅದನ್ನೂ ಫೋಟೋ ತೆಗೆದು ಕಳಿಸುತ್ತಾರೆ.

ಇಂತಿ,
ಡಿ.ಎನ್.ಬಿ. ಮೊದಲ ವರ್ಷದ ವಿದ್ಯಾರ್ಥಿನಿ,
ಪೆರ್ಲ, ಕಾಸರಗೋಡು ಜಿಲ್ಲೆ